ಗಾಲಿಗೆ ಕಟ್ಟಿದ ದಾರ

ಅಣ್ಣಾ,

ನಿನಗೆ ಪತ್ರ ಅಂತ ಎಂದೂ ಬರೆದವಳಲ್ಲ ನಾನು. ನಿನ್ನ ಜಮಖಂಡಿಗೂ ನನ್ನ ಬನಹಟ್ಟಿಗೂ ನಡುವೆ ಪತ್ರ ಬರೆಯುವಷ್ಟು ದೂರವೆಲ್ಲಿದೆ? ಸಿಟ್ಟು ಬಂದರೆ ಫೋನ್ ಮಾಡಿ ಬೈಯುತ್ತಿದ್ದೆ. ನೀನು ಫೋನನ್ನು ಟೈರಿನ ಮೇಲಿಟ್ಟು ನಿನ್ನ ಕೆಲಸ ಮಾಡುತ್ತಿದ್ದೆ, ನಾನು ಸುಮ್ಮನಾದ ಮೇಲೆ ಎತ್ತಿಕೊಂಡು “ಆತೇನು?” ಅನ್ನುತ್ತಿದ್ದೆ. ಈಗಲೂ ಸಿಟ್ಟಿದೆ. ಆದರೆ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಹೆಸರಿನ ಮೇಲೆ ನಾನೊಂದು ಮಾತು ಹಾಕಿ ಬಂದಿದ್ದೇನೆ. ಊರೆಲ್ಲ ಕೇಳಿದ ಮೇಲೆ ನಿನಗೊಬ್ಬನಿಗೆ ಹೇಳದೆ ಇರುವುದು ಹೇಗೆ?

ಆ ಗಾಲಿಗಳು ಬಂದ ದಿನ ನೆನಪಿದೆಯಾ? ಮುಧೋಳದ ಧಣಿಯವರು ತಮ್ಮ ವಾಡೆಯ ಹಿಂದಿನ ಶೆಡ್ಡಿನಿಂದ ಟ್ರಾಲಿಯಲ್ಲಿ ಹೇರಿಸಿ ಕಳಿಸಿದ್ದರು. “ಕಸ್ತೂರಿ, ಒಮ್ಮಿ ಬಂದ ನೋಡ, ಮುತ್ತ್ಯಾರ ಕಾಲದ ಕಾರಿನ ಗಾಲಿ ಬಂದಾವ” ಅಂತ ನೀನು ಫೋನಿನಲ್ಲಿ ಹಿಗ್ಗಿದ್ದೆ. ನಾನು ಯಾವತ್ತಿನ ಹಾಗೆ ಅಂಗಡಿಯಲ್ಲಿ ನಿಮ್ಮ ಕೈ ಒರೆಸಲಿಕ್ಕೆ ಮಗ್ಗದ ವೇಸ್ಟ್ ನೂಲಿನ ಚೀಲ ಹೊತ್ತು ಬಂದೆ. ನೋಡಿದರೆ ತುಕ್ಕು ಹಿಡಿದ ಗುಡ್ಡೆ. ಇದರಲ್ಲಿ ಹಿಗ್ಗುವುದೇನಿದೆ ಅಂದೆ. ನೀನು ಕೂರಿಸಿ ಪಾಠ ಮಾಡಿದೆ. ಈಗಿನ ಕಾರಿನ ಗಾಲಿ ಒಂದೇ ತುಂಡು, ಆಗಿನದು ಹಾಗಲ್ಲ. ರಿಮ್ ಬೇರೆ, ಟೈರನ್ನು ಒತ್ತಿ ಹಿಡಿಯುವ ರಿಂಗು ಬೇರೆ. ಆ ಗುಡ್ಡೆಯಲ್ಲಿ ಎರಡು ಕಾರಿನ ಗಾಲಿಗಳು ಕಲಸಿದ್ದವು. ನೋಡಲಿಕ್ಕೆ ಎಲ್ಲವೂ ಒಂದೇ, ಆದರೆ ರಿಂಗು ಕೂರುವ ಜಾಗ ಒಂದರದು ಆಳ, ಇನ್ನೊಂದರದು ಅಷ್ಟಿಲ್ಲ. ಒಂದರ ರಿಂಗು ಇನ್ನೊಂದಕ್ಕೆ ಹೋದರೆ? “ಹೋದ್ರ ಯಾರರ ಹೋಗ್ತಾರ” ಅಂದೆ ನೀನು, ನಗುತ್ತಾ.

ಅದಕ್ಕೇ ಗುರುತು ಬೇಕಿತ್ತು. ಅಪ್ಪ ಬಣ್ಣದ ತೊಟ್ಟಿಗೆ ಇಳಿಸುವ ಮೊದಲು ಒಂದೊಂದು ಗಿರಾಕಿಯ ನೂಲಿನ ಲಡಿಗೆ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದನಲ್ಲ, ಹಾಗೆ. ಬಣ್ಣದ ವಾಸನೆ ಆಗುವುದಿಲ್ಲ ಅಂತ ಆ ಮನೆ ಬಿಟ್ಟು ಕಬ್ಬಿಣಕ್ಕೆ ಬಿದ್ದವನು ನೀನು, ಆದರೆ ಅಪ್ಪನ ಕೈ ಎಲ್ಲಿ ಬಿಟ್ಟೀತು? ಒಂದು ಕಾರಿನ ರಿಮ್ಮು ರಿಂಗುಗಳಿಗೆ ಕೆಂಪು ದಾರ, ಇನ್ನೊಂದರವಕ್ಕೆ ಹಳದಿ. ಎರಡನ್ನೂ ನಾನು ತಂದ ವೇಸ್ಟ್ ಚೀಲದಿಂದಲೇ ನೀನು ಎಳೆದುಕೊಂಡೆ. ಆಮೇಲೆ ಹಳೇ ಬಣ್ಣ ಬಿಡಿಸಲಿಕ್ಕೆ ಎಲ್ಲವನ್ನೂ ನಿನ್ನ ಅಂಗಡಿಯ ದಸ್ತಗೀರನ ಕೈಯಲ್ಲಿ ರಬಕವಿ ಕಡೆಯ ಯಾವುದೋ ನೂಲು ಬೇಯಿಸುವವರ ಕಾಸ್ಟಿಕ್ ಸೋಡಾ ತೊಟ್ಟಿಗೆ ಕಳಿಸಿದೆ. ನನ್ನ ಬಾಗಿಲ ಮುಂದಿನಿಂದಲೇ ಹೋಯಿತಂತೆ ಗಾಡಿ. “ಆಕಿ ಕಡೆ ಹೋಗಬ್ಯಾಡ, ಪ್ರಶ್ನಿ ಕೇಳಿ ತಲಿ ತಿಂತಾಳ” ಅಂದಿದ್ದೆಯಂತೆ. ಕೇಳುತ್ತಿದ್ದೆ ಅಣ್ಣಾ. ಒಂದೇ ಪ್ರಶ್ನೆ ಕೇಳುತ್ತಿದ್ದೆ. ಈ ದಾರ ಪಕ್ಕಾ ಬಣ್ಣದ್ದೋ, ಕಚ್ಚಾ ಬಣ್ಣದ್ದೋ?

ಫೋನ್ ಬಂದಾಗ ನಾನು ಬಣ್ಣದ ತೊಟ್ಟಿಯ ಮುಂದಿದ್ದೆ, ಕೈ ಮೊಣಕೈವರೆಗೆ ನೀಲಿ. ಹಾಗೇ ದವಾಖಾನೆಗೆ ಬಂದೆ. ಮುಖ ನೋಡಬೇಡ ಅಂದರು, ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಣ್ಣ ಹಚ್ಚುವ ಮೊದಲು ರಿಂಗು ಕೂರುತ್ತದೋ ಇಲ್ಲವೋ ನೋಡೋಣ ಅಂತ ಒಂದು ಗಾಲಿಗೆ ಟೈರು ಹಾಕಿ ಗಾಳಿ ಹಾಕಿದ್ದೆಯಂತೆ. ರಿಂಗು ಕೂತ ಹಾಗೆ ಕಂಡಿತಂತೆ, ಗಾಳಿ ತುಂಬುತ್ತಲೇ ಸಿಡಿದು ಹಾರಿತಂತೆ. ಲಾರಿ ಗಾಲಿಗೆ ರಿಂಗು ಹಾರದ ಹಾಗೆ ಸರಪಳಿ ಸುತ್ತದೆ ಒಂದು ದಿನವೂ ಗಾಳಿ ಹಾಕಿದವನಲ್ಲ ನೀನು, ಇದಕ್ಕೆ ಯಾಕೆ ಸುತ್ತಲಿಲ್ಲ? ಕಾರಿನದು ಸಣ್ಣದು, ಇದೇನು ಮಾಡೀತು ಅಂತಲೇ? ಯಾರನ್ನು ಕೇಳಲಿ ಈಗ.

ಪೊಲೀಸರು ಆಕಸ್ಮಿಕ ಅಂತ ಬರೆದುಕೊಂಡು ಹೋದರು. ಜನ ಹಾಗೆ ಬಿಡಲಿಲ್ಲ. ಅವರಿಗೆ ಒಬ್ಬ ಬೇಕಿತ್ತು, ದಸ್ತಗೀರ ಸಿಕ್ಕ. ಸಾವಳಗಿಯಿಂದ ದಿನಾ ಮೊದಲ ಬಸ್ಸಿಗೆ ಬಂದು ಶಟರ್ ಎತ್ತುತ್ತಿದ್ದವನು, ಮೀಸೆ ಮೂಡುವ ಮೊದಲು ನಿನ್ನ ಹತ್ತಿರ ಬಂದು ಅಲ್ಲೇ ಮೀಸೆ ನರೆಸಿಕೊಂಡವನು. “ಸಾಮಾನ ರಬಕವಿಗೆ ಒಯ್ದಾಂವ ಅವನ, ತಂದಾಂವ ಅವನ. ಅದಲಬದಲ ಮಾಡಿದಾಂವ ಮತ್ಯಾರು?” ಅಂತ ಎದುರಿನ ಚಹಾದ ಅಂಗಡಿಯಲ್ಲಿ ನನ್ನ ಕಿವಿಯಾರೆ ಕೇಳಿದೆ. ಅದಕ್ಕಿಂತ ಕೆಟ್ಟದ್ದು, ಅವನೂ ಅದನ್ನೇ ನಂಬಿದ. “ನಂದ ತಪ್ಪಿರಬೇಕರಿ ಅಕ್ಕಾರ. ಅಣ್ಣಾರು ಎಲ್ಲಿ ತಪ್ತಾರ?” ಅಂದು ಅಂಗಡಿಯ ಕೀಲಿ ನನ್ನ ಕೈಯಲ್ಲಿಟ್ಟು ಹೋದವನು ಜಮಖಂಡಿಯ ಕಡೆ ತಲೆ ಹಾಕಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ನಿನ್ನ ಹೆಂಡತಿ, ನಮ್ಮ ವೈನಿ, ಅಂದಳು, “ಆ ಕಬ್ಬಿಣ ನನ್ನ ಕಣ್ಣಮುಂದ ಬ್ಯಾಡ, ಗುಜರಿಗೆ ಹಾಕಿಬಿಡು.” ಅದಕ್ಕೇ ಹೋದೆ ನಾನು. ಕೂತು ಒಂದೊಂದೇ ತುಂಡು ಎತ್ತುತ್ತಿದ್ದಾಗ ದಾರಗಳು ಕಂಡವು. ಎಲ್ಲವೂ ಒಂದೇ ಬಣ್ಣ, ಒಸಡಿನ ಹಾಗೆ ಹೊಲಸು ಗುಲಾಬಿ. ಕಚ್ಚಾ ಬಣ್ಣದ ನೂಲು ಬಿಸಿ ಕಾಸ್ಟಿಕ್ಕಿಗೆ ಬಿದ್ದರೆ ಕೆಂಪು ಬಿಟ್ಟುಕೊಳ್ಳುತ್ತದೆ, ಹಳದಿ ಅದನ್ನು ಕುಡಿಯುತ್ತದೆ. ಅಪ್ಪ ಗುರುತಿನ ದಾರವನ್ನು ಬೇರೆಯಾಗಿಯೇ ಇಡುತ್ತಿದ್ದ, ಕುದಿಸಿ ನೋಡಿದ ಪಕ್ಕಾ ದಾರ. ಕಟ್ಟುವುದನ್ನು ನೀನು ನೋಡಿದ್ದೆ, ಕುದಿಸುವುದನ್ನು ನೋಡುವ ಹೊತ್ತಿಗೆ ಮನೆ ಬಿಟ್ಟು ಓಡಿದ್ದೆ.

ಬಿಗಿದ ಗಂಟಿನ ಹೊಟ್ಟೆಗೆ ಕಾಸ್ಟಿಕ್ ಪೂರಾ ಇಳಿಯುವುದಿಲ್ಲ. ಸೂಜಿ ತಂದು ಗಂಟುಗಳನ್ನು ಬಿಡಿಸಿದೆ. ಒಳಗೆ ಕೆಲವು ಕೆಂಪು, ಕೆಲವು ಹಳದಿ, ನೀನು ಕಟ್ಟಿದ ದಿನದ ಹಾಗೇ. ಎಲ್ಲವೂ ನೇಕಾರ ಗಂಟು. ದಸ್ತಗೀರನಿಗೆ ಆ ಗಂಟು ಬರುವುದಿಲ್ಲ, ಕಲಿಸಲಿಕ್ಕೆ ಹೋಗಿ ನೀನೇ ಸೋತು ಬೈದಿದ್ದೆ. ಅಂದರೆ ಅವನು ಒಂದನ್ನೂ ಬಿಚ್ಚಿರಲಿಲ್ಲ, ಕಟ್ಟಿರಲಿಲ್ಲ. ನಿನ್ನನ್ನು ಕೊಂದ ಗಾಲಿಯನ್ನು ಪೊಲೀಸರು ಮೂಲೆಗೆ ಒರಗಿಸಿ ಹೋಗಿದ್ದರು. ಅದರ ರಿಮ್ಮಿನ ದಾರ ಬೋಲ್ಟಿನ ತೂತಿನಲ್ಲಿ ಇನ್ನೂ ಇತ್ತು. ರಿಂಗಿನದನ್ನು ನೀನು ಗಂಟು ಬಿಚ್ಚದೆ ರಿಂಗಿನ ಸೀಳಿನಿಂದ ಹಾಗೇ ಜಾರಿಸಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದೆ. ರಿಮ್ಮಿನದರ ಒಳಗೆ ಕೆಂಪು. ಮೊಳೆಯ ಮೇಲಿನದರ ಒಳಗೆ ಹಳದಿ.

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಮನೆಗೆ ಹೋದೆ. ವೈನಿ ನೋಡಿದಳು. ನಾನು ಕೇಳುವ ಮೊದಲೇ ಬಾಯಿ ಬಿಟ್ಟಳು. “ಅವತ್ತ ಊಟಕ್ಕ ಬಂದಾಗ ದಾರ ಹಿಡಕೊಂಡ ಬಂದಿದ್ರು. ‘ಇದು ಕೆಂಪೋ, ಹಳದಿಯೋ, ಬೆಳಕಿಗೆ ನೋಡ’ ಅಂದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ‘ಕೆಂಪ ಇದ್ದಂಗ ಐತಿ’ ಅಂದೆ. ಖರೆ ಹೇಳ್ತೀನಿ ಕಸ್ತೂರಿ, ನಾ ಸರಿಯಾಗಿ ನೋಡೇ ಇಲ್ಲ.” ಆಮೇಲೆ ನನ್ನ ಕೈ ಹಿಡಿದಳು. “ಯಾರ ಮುಂದೂ ಹೇಳಬ್ಯಾಡ ಬೇ. ದಸ್ತಗೀರ ಗಂಡಸು, ಹೆಂಗರ ತಡಕೋತಾನ. ಸತ್ತಾಂವಗ ಹೆಸರೊಂದ ಉಳದೈತಿ. ನನಗ ಅದೂ ಇಲ್ಲ.”

ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿನ್ನ ಮೇಲೆ ಬಂತು. ರೊಟ್ಟಿ ಬಡಿಯುವ ಹೆಂಗಸಿನ ಮುಖಕ್ಕೆ ದಾರ ಹಿಡಿದು ಬಣ್ಣ ಕೇಳುತ್ತೀಯಲ್ಲ, ಹುಟ್ಟಿದಾಗಿನಿಂದ ಬಣ್ಣದಲ್ಲೇ ಕೈ ಅದ್ದಿಕೊಂಡ ತಂಗಿ ನಿನಗೆ ಸತ್ತಿದ್ದಳಾ? ಒಂದು ಫೋಟೋ ತೆಗೆದು ಕಳಿಸಿದ್ದರೆ… ಬಿಡು. ತಂಗಿಯ ಹತ್ತಿರ ಗೊತ್ತಿಲ್ಲ ಅನ್ನುವುದು ಅಣ್ಣಂದಿರಿಗೆ ಎಲ್ಲಿಂದ ಬರಬೇಕು.

ಗಾಲಿಗಳನ್ನು ಗುಜರಿಗೆ ಹಾಕಲಿಲ್ಲ ನಾನು. ಧಣಿಯವರು “ಬಿಡ್ರಿ ತಂಗಿ, ಇನ್ನ ಆ ಗಾಲಿ ಬ್ಯಾಡ” ಅಂತ ಹೇಳಿ ಕಳಿಸಿದರು. ಮುಗಿಸಿಯೇ ಕೊಡುತ್ತೇನೆ ಅಂದೆ. ಖರೆ ಹೇಳಬೇಕೆಂದರೆ, ಏನು ಮಾಡಬೇಕು ಅಂತ ತಿಳಿಯದೆ ಕೈಗೊಂದು ಕೆಲಸ ಹುಡುಕಿಕೊಂಡೆ. ಬನಹಟ್ಟಿಯಲ್ಲಿ ಬೆಳಗಿನ ತೊಟ್ಟಿ ಇಳಿಸಿ ಬಸ್ ಹತ್ತಿ ಬಂದು ನಿನ್ನ ಅಂಗಡಿಯ ಹಿಂದೆ ಕೂರುತ್ತಿದ್ದೆ. ಕಬ್ಬಿನ ಟ್ರಾಲಿಗಳು ರಸ್ತೆ ತುಂಬ ಹೋಗುತ್ತಿದ್ದವು, ಯಾರೂ ನಿಲ್ಲಿಸುತ್ತಿರಲಿಲ್ಲ. ಗಂಟಿನ ಒಳಬಣ್ಣ ನೋಡಿ ಜೋಡಿ ಹಚ್ಚಿದೆ. ನಾಲ್ಕು ಗಾಲಿ ಆಗುವಷ್ಟು ಸಿಕ್ಕವು. ನಿನ್ನ ತಂತಿ ಬ್ರಶ್ಶಿನಿಂದ ತುಕ್ಕು ಕೆರೆದೆ, ರಿಂಗು ಕೂರುವ ಜಾಗವನ್ನು ಬೆರಳಾಡಿಸಿ ಬೆರಳಾಡಿಸಿ ಚೊಕ್ಕ ಮಾಡಿದೆ. ಅಲ್ಲಿ ಪುಟ್ಟಿ ಹಚ್ಚಬಾರದು ಅಂತ ನೀನು ಯಾರಿಗೋ ಬೈಯುತ್ತಿದ್ದದ್ದು ನೆನಪಿತ್ತು, ಹಚ್ಚಲಿಲ್ಲ. ದಾರ ಕಟ್ಟಲಿಲ್ಲ ಅಣ್ಣಾ. ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು ಕಬ್ಬಿಣದಲ್ಲೇ ಚುಕ್ಕಿ ಕೂರಿಸಿದೆ, ರಿಮ್ಮಿಗೊಂದು, ಅದರದೇ ರಿಂಗಿಗೊಂದು. ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವವನು ಬಂದು ಮೇಲೆ ಕೆನೆ ಬಣ್ಣ ಹೊಡೆದು ಸಣ್ಣದೊಂದು ಕೆಂಪು ಗೆರೆ ಎಳೆದುಕೊಟ್ಟ. ಚಂದ ಆಗಿವೆ. ನಿನ್ನನ್ನು ತಿಂದದ್ದನ್ನು ಚಂದ ಅನ್ನಲಿಕ್ಕೆ ನಾಲಿಗೆ ಹೊರಳುವುದಿಲ್ಲ, ಆದರೂ ಆಗಿವೆ.

ಆಮೇಲೆ ಗಾಳಿ ಹಾಕುವವರಿಲ್ಲ. ಜಮಖಂಡಿಯಲ್ಲಿ ಕೇಳಿದೆ, ಮುಧೋಳದಲ್ಲಿ ಕೇಳಿದೆ. “ಒಬ್ಬರನ್ನ ತಿಂದ ಗಾಲಿ, ನಾವಲ್ಲರಿ ಅಕ್ಕಾರ” ಅಂದರು. ಕೆಲಸ ಗೊತ್ತಿದ್ದವನು ಒಬ್ಬನೇ, ದಸ್ತಗೀರ. ಅವನನ್ನು ಕರೆಯಬೇಕಾದರೆ ಅವನಿಗೆ ಖರೆ ಹೇಳಬೇಕು. ಹೇಳದೆ ಆ ಗಾಲಿಯ ಮುಂದೆ ಕೂರಿಸಿದರೆ ನನ್ನಂಥ ಪಾಪಿ ಯಾರೂ ಇರಲಿಲ್ಲ. ಅವನೊಬ್ಬನ ಕಿವಿಗಷ್ಟೇ ಹೇಳುತ್ತೇನೆ, ಯಾರಿಗೂ ಹೇಳಬೇಡ ಅಂತ ಕೈ ಮುಗಿಯುತ್ತೇನೆ, ನಿನ್ನ ಹೆಸರೂ ಉಳಿಯುತ್ತದೆ, ವೈನಿಯೂ ಉಳಿಯುತ್ತಾಳೆ. ಹೀಗೆ ಲೆಕ್ಕ ಹಾಕಿಕೊಂಡು ಸಾವಳಗಿ ಬಸ್ ಹತ್ತಿದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಅರ್ಧ ಆಗಿದ್ದಾನೆ. ಅವನ ಹೆಂಡತಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು, ಓಣಿಯ ಹೆಂಗಸರು ನಲ್ಲಿಯ ಹತ್ತಿರ ನಿಂತಿದ್ದರು. ನಾನು ಪಕ್ಕದಲ್ಲಿ ಕೂತು ದನಿ ತಗ್ಗಿಸಿ ಎಲ್ಲ ಹೇಳಿದೆ. ದಾರ, ಕಾಸ್ಟಿಕ್, ಗಂಟು, ನಿನ್ನ ಕಣ್ಣು ತಪ್ಪಿದ್ದು. ವೈನಿಯ ಮಾತೊಂದನ್ನು ಬಿಟ್ಟು. ಅವನು ನನ್ನ ಬಾಯಿಯನ್ನೇ ನೋಡುತ್ತಾ ಕೂತ. ಮುಗಿದ ಮೇಲೆ ಅಂದ, “ಈ ಕಿವಿ ಅವತ್ತ ಹ್ವಾತರಿ ಅಕ್ಕಾರ, ರಿಂಗ ಹಾರಿದ ಸಪ್ಪಳಕ್ಕ. ಆ ಕಡೀದೂ ಅಷ್ಟಕ್ಕಷ್ಟ. ಜೋರಲೆ ಹೇಳ್ರಿ.”

ಅಣ್ಣಾ, ಅವನು ಕಂಪ್ರೆಸರ್ ಹತ್ತಿರ ನಿಂತಿದ್ದ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಏನಾಯಿತು ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಲ್ಲಿಯ ಕಡೆ ನೋಡಿದೆ. ವೈನಿ ಕೈ ಹಿಡಿದದ್ದು ನೆನಪಾಯಿತು. ಎದ್ದು ಅವನ ಇನ್ನೊಂದು ಬದಿಗೆ ಹೋಗಿ ನಿಂತು ಕೂಗಿ ಹೇಳಿದೆ, “ತಪ್ಪ ನಿಂದಲ್ಲೋ ದಸ್ತಗೀರ. ನಮ್ಮಣ್ಣಂದು.” ನಲ್ಲಿಯ ಹತ್ತಿರದ ಮಾತು ನಿಂತಿತು. ಅವನ ಹೆಂಡತಿ ಮೊರ ಕೆಳಗಿಟ್ಟಳು. “ಇನ್ನೊಮ್ಮಿ ಹೇಳ್ರಿ” ಅಂದ. ಹೇಳಿದೆ. “ಈಕಿಗೂ ಹೇಳ್ರಿ” ಅಂದ. ಅವಳಿಗೂ ಹೇಳಿದೆ, ಅಷ್ಟೇ ಜೋರಾಗಿ. ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಅಣ್ಣಾರಿಗೆ ಮಣ್ಣ ಕೊಡಾಕ ಬರ್ಲಿಲ್ರಿ ನಾ. ಕೊಂದ ಕೈಲೆ ಹೆಂಗ ಕೊಡ್ಲಿ ಅಂತ…” ಅಂದವನು ಅತ್ತ. ಅಷ್ಟು ದಿನ ಅವನು ನಿನಗಾಗಿ ಅತ್ತಿರಲೇ ಇಲ್ಲ. ಅಳಲಿಕ್ಕೆ ತನಗೆ ಹಕ್ಕಿಲ್ಲ ಅಂತ ತಿಳಿದಿದ್ದನಂತೆ.

ಆ ಮಾತು ನನಗಿಂತ ಮೊದಲು ಜಮಖಂಡಿ ಮುಟ್ಟಿತು. ವೈನಿ ಬೀಳಗಿಗೆ ತವರಿಗೆ ಹೋಗಿದ್ದಾಳೆ, ನನ್ನ ಫೋನ್ ಎತ್ತುವುದಿಲ್ಲ. ಎತ್ತುವಳೋ ಇಲ್ಲವೋ ಗೊತ್ತಿಲ್ಲ. ರೊಟ್ಟಿ ಬಡಿಯುತ್ತಾ ಅವಳು ಅಂದ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ, ಅದೊಂದನ್ನು ನಿನಗೆ ಆಣೆ ಮಾಡಿ ಹೇಳುತ್ತೇನೆ. ಎಲ್ಲವನ್ನೂ ನಿನ್ನೊಬ್ಬನ ಮೇಲೇ ಹಾಕಿದ್ದೇನೆ, ಅವಳದ್ದೂ ಸೇರಿಸಿ. ಚಹಾದ ಅಂಗಡಿಯಲ್ಲಿ ಈಗ ನಿನ್ನನ್ನು ಅನ್ನುತ್ತಾರೆ. ನೀನು ಕೇಳಿಸಿಕೊಳ್ಳಬೇಕಾಗಿಲ್ಲ, ನಾನು ಕೇಳಿಸಿಕೊಳ್ಳುತ್ತೇನೆ. ಬದುಕಿದ್ದರೆ ನೀನೇ ಒಪ್ಪಿಕೊಳ್ಳುತ್ತಿದ್ದೆಯಾ? ಒಪ್ಪುತ್ತಿದ್ದೆ ಅಂತಲೇ ನಾನು ಹಿಡಿದುಕೊಂಡಿದ್ದೇನೆ.

ನಿನ್ನೆ ದಸ್ತಗೀರ ಬಂದು ನಾಲ್ಕೂ ಗಾಲಿಗೆ ಗಾಳಿ ಹಾಕಿದ, ಸರಪಳಿ ಸುತ್ತಿ, ನನ್ನನ್ನು ರಸ್ತೆಯಾಚೆ ನಿಲ್ಲಿಸಿ. ಗಾಳಿ ಹಿಡಿದು ನಿಂತಿವೆ.

ಸೋಮವಾರ ಅವನನ್ನು ಕರೆದುಕೊಂಡು ನೀನಿರುವಲ್ಲಿಗೆ ಬರುತ್ತೇನೆ. ಮಳೆಗೆ ನಿನ್ನ ಮಣ್ಣು ಒಂದು ಕಡೆ ಕುಸಿದಿದೆ. ಅವನ ಪಾಲಿನ ಹಿಡಿ ಮಣ್ಣು ಅಲ್ಲಿ ಹಿಡಿಯುತ್ತದೆ. ತಡ ಮಾಡಿದ ಅಂತ ಅವನನ್ನು ಬೈಯಬೇಡ.

ನಿನ್ನ ತಂಗಿ,
ಕಸ್ತೂರಿ