ಬೆನ್ನ ಹಿಂದಿನ ಬೆಳಕು

ಜೂನ್ ೧೮, ಗುರುವಾರ

ಸಿಟ್ಟಿಗೆ ನಿದ್ದೆಯೇ ಹತ್ತುತ್ತಿಲ್ಲ. ಹೊಸ ಶಾಲೆಯ ನಕ್ಷೆ ಮಾಡಿದ್ದು ನನ್ನ ಸ್ವಂತ ತಮ್ಮ. ಕರಿಹಲಗೆಯ ಎರಡೂ ಬದಿಗೆ ನೆಲದಿಂದ ಸೂರಿನವರೆಗೆ ಗಾಜು; ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನನ್ನ ತರಗತಿಯಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳಿದ್ದಾಳೆ, ನನ್ನ ತುಟಿ ನೋಡಿಯೇ ಪಾಠ ಕಲಿಯುವವಳು. ಇಲ್ಲಿಗೆ ಬಂದಾಗಿನಿಂದ ಮಂಕಾಗಿದ್ದಳು. ಏನಾಯಿತೆಂದು ಇವತ್ತು ಕೇಳಿದೆ.

"ಟೀಚರ್, ನಿಮ್ಮ ಮುಖ ಬರೀ ಕಪ್ಪಗೆ ಕಾಣುತ್ತೆ. ಬಾಯಿ ಕಾಣಲ್ಲ."

ಬೆಳಕೆಲ್ಲ ನನ್ನ ಬೆನ್ನ ಹಿಂದೆ!

ಆಗಲೇ ಬೆಂಚುಗಳನ್ನೆಲ್ಲ ತಿರುಗಿಸಿ, ಎದುರಿನ ಗೋಡೆಯ ಬಳಿ ನಿಂತು ಪಾಠ ಮಾಡಿದೆ. ಅವಳೇ ಎಲ್ಲರಿಗಿಂತ ಮೊದಲು ಕೈಯೆತ್ತಿದಳು. ಮುಖ್ಯೋಪಾಧ್ಯಾಯರು ತಮ್ಮನಿಗೆ ದೂರು ಹೇಳಿದ್ದಾರೆ. ಸಂಜೆ ಅವನ ಫೋನು: "ಅಕ್ಕಾ, ಹಾಗೆ ತಿರುಗಿಸಿದ್ರೆ ಕೋಣೆ ಅಂದಾನೇ ಕೆಡುತ್ತೆ ಕಣೇ."

"ಅಂದ ಕಟ್ಕೊಂಡು ಏನ್ ಮಾಡ್ಲೋ? ಕಿವಿಗೆ ಹತ್ತಿ ತುರುಕ್ಕೊಂಡು ಬಂದು ಅವಳ ಪಕ್ಕ ಕೂತ್ಕೋ, ಆಮೇಲೆ ಮಾತಾಡು!"

ಅವನು ಸಣ್ಣ ದನಿಯಲ್ಲಿ, "ಅದು ನನಗೆ ಹೊಳೀಲೇ ಇಲ್ಲ" ಅಂದ. ಅದಕ್ಕೇ ಇನ್ನಷ್ಟು ಉರಿಯಿತು. ಮಕ್ಕಳ ಶಾಲೆ ಕಟ್ಟುವಾಗ ಮಕ್ಕಳನ್ನು ಬಿಟ್ಟು ಮತ್ತೇನು ಹೊಳೆದಿತ್ತು ಇವನಿಗೆ?

ನಾಳೆ ಬಂದು ನೋಡುತ್ತಾನಂತೆ. ಬರಲಿ. ಬೆಂಚುಗಳು ಮಾತ್ರ ಹಾಗೇ ಇರುತ್ತವೆ, ಯಾರು ಬಂದು ಏನೇ ಹೇಳಲಿ, ನಾನಂತೂ...