ಎಡಕ್ಕೆ ಎರಡು ಬೆರಳು

ಅಪ್ಪಾ,

ನೀನು ಮುನಿಸಿಕೊಂಡು ಊರು ಬಿಟ್ಟು ಹೋದ ಮೇಲೆ ನಾನೊಬ್ಬಳೇ ಮುಗಿಸಿದ ನಮ್ಮ ದೋಣಿ ಇವತ್ತು ನೀರಿಗಿಳಿಯಿತು, ಪಾದ್ರಿಯನ್ನೂ ಹೊತ್ತುಕೊಂಡು!

ದೋಣಿಯನ್ನು ಹಿಡಿದಿಟ್ಟ ತಡೆಬೆಣೆಯನ್ನು ಬಡಿದು ತೆಗೆಯಬೇಕಾದದ್ದು ಪ್ರಾರ್ಥನೆಯ ಕೊನೆಯ ಆಮೆನ್‌ಗೆ ಎಂಬುದು ನಮ್ಮ ಕಿಲಾಡಾ ಊರಿನ ಕೂಸಿಗೂ ಗೊತ್ತು. ನಿನ್ನ ಗೆಳೆಯ ಸರಾಂಡೋಸ್ ಮಾವ ಮಾತ್ರ ಮೊದಲನೇ ಆಮೆನ್‌ಗೇ ಬಡಿದುಬಿಟ್ಟ. ದೋಣಿ ಜಾರುವ ದಿಮ್ಮಿಗಳಿಗೆ ಕೊಬ್ಬನ್ನು ನಾನೇ ಧಾರಾಳವಾಗಿ ಸವರಿದ್ದೆ. ದೋಣಿ ಸರ್ರನೆ ಜಾರಿತು. ಅದರ ಮೇಲೆ ತೀರ್ಥ ಚಿಮುಕಿಸುವ ಕಾಮಕಸ್ತೂರಿ ಕಟ್ಟು ಹಿಡಿದು ನಿಂತಿದ್ದ ಪಾದ್ರಿ ಫ್ಲೋರೋಸ್, "ಲೋ, ಪ್ರಾರ್ಥನೆ ಇನ್ನೂ ಮುಗಿದಿಲ್ಲ ಕಣ್ರೋ!" ಎಂದು ಕೂಗುತ್ತಲೇ ಕೊಲ್ಲಿ ಸೇರಿದರು.

"ಅಲ್ಲೇ ಮುಗಿಸಿ ಫಾದರ್, ಮೀನುಗಳಿಗೂ ಒಂದಿಷ್ಟು ಆಶೀರ್ವಾದ ಸಿಗ್ಲಿ!" ಎಂದ ಸರಾಂಡೋಸ್ ಮಾವ. ದಡದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ಇದ್ಯಾಕಮ್ಮ, ಎಡಕ್ಕೆ ವಾಲ್ತಿದೆ?" ಎಂದು ಯಾರೋ ಕೇಳಿದರು.

"ಪಾದ್ರಿಗಳ ಹೊಟ್ಟೆ ನೋಡಿದೀರಾ?" ಎಂದೆ. ಮತ್ತೆ ನಗು.

ಪಾದ್ರಿಗಳು ಇಳಿದ ಮೇಲೂ ದೋಣಿ ವಾಲಿಯೇ ಇತ್ತು, ಗುಟ್ಟಾಗಿ ಅಳೆದೆ. ಎರಡು ಬೆರಳು. "ಹೀಗೇ ಕೆತ್ತಿದ್ರೆ ಎಡಕ್ಕೆ ಎರಡು ಬೆರಳು ವಾಲತ್ತೆ, ಮಗಳೇ" ಎಂದು ನೀನು ಹೇಳಿದ್ದೂ ಅಷ್ಟೇ. ಅವತ್ತು ನಿನ್ನ ಕೈಯಿಂದ ಮರ ಕೆತ್ತುವ ಬಾಚಿಯನ್ನು ಕಿತ್ತುಕೊಂಡಿದ್ದೆ.

ಬಲಗಡೆಯ ಹಲಗೆಯ ಮೇಲೆ ನಿನ್ನಷ್ಟು ತೂಕದವನೊಬ್ಬ ಕೂತರೆ ಸಾಕಪ್ಪಾ, ದೋಣಿ ನೆಟ್ಟಗಾಗುತ್ತದೆ.

ನಿನ್ನ
ಕಲ್ಲಿರೋಯ್