ಒದ್ದೆ ಅಂಗಿ, ಒಣ ಬೆಲ್ಟು

ಕಾಚಿಗುಡ, ಹೈದರಾಬಾದ್
೧೧ ನವೆಂಬರ್ ೨೦೨೪

ಪ್ರೀತಿಯ ಸಿಂಚನಾ,

ನಿನ್ನ ಪತ್ರ ಬಂದು ಐದು ವಾರವಾಯಿತು. ಧಾರವಾಡದ ಚಳಿ, ಹಾಸ್ಟೆಲಿನ ಹುಳಿಹುಳಿ ಸಾರು, ಹತ್ತಿರ ಬಂದ ಪರೀಕ್ಷೆ, ಎಲ್ಲವನ್ನೂ ಓದಿದೆ. ಉತ್ತರ ತಡವಾದದ್ದಕ್ಕೆ ಮಂಡಿನೋವು, ಕಣ್ಣಿನ ಪೊರೆ ಎಂದು ನೆಪ ಹೇಳಬಹುದಿತ್ತು. ಅವೆರಡೂ ಇವೆ, ಆದರೆ ಕಾರಣ ಅವಲ್ಲ. ಎರಡು ಸಲ ಫೋನಿನಲ್ಲೇ ಹೇಳಲು ಹೊರಟು, ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಕ್ಷಮಿಸು.

“ಎಂ.ಎಸ್ಸಿ. ಮುಗಿದ ಮೇಲೆ ನೀನು ಪಾಠ ಮಾಡುವ ತರಬೇತಿ ಕೇಂದ್ರಕ್ಕೇ ಅರ್ಜಿ ಹಾಕಲೇ ಅಮ್ಮ? ಅಪರಾಧ ಸ್ಥಳದ ತನಿಖೆಯನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರಾ?” ಎಂದು ಕೇಳಿದ್ದೀಯ. ಚೆನ್ನಾಗಿಯೇ ಕಲಿಸುತ್ತೇವೆ. ಈ ಸಲದ ಉದ್ಘಾಟನೆ ಹೇಗಾಯಿತು ಕೇಳು.

ಹೊಸದಾಗಿ ಸೇರಿದ ಮೂವತ್ತು ಜನ ಪೊಲೀಸರಿಗಾಗಿ ನಾನು ಒಂದು ಕೋಣೆಯಲ್ಲಿ ಕೊಲೆಯ ದೃಶ್ಯ ಸಿದ್ಧಮಾಡಿದ್ದೆ. ನೆಲದ ಮೇಲೆ ಬೊಂಬೆ, ಪಕ್ಕದಲ್ಲಿ ಚಾಕು, ಗಾಜಿನ ಲೋಟದ ಮೇಲೆ ಎಣಿಸಿ ಒತ್ತಿದ ಬೆರಳಚ್ಚು, ಬಾಗಿಲಿಗೆ ಅಡ್ಡಲಾಗಿ ಹಳದಿ ಪಟ್ಟಿ. ಎರಡು ದಿನದ ಕೆಲಸ. ಮುಖ್ಯ ಅತಿಥಿ ಬಂದರು. ತಟ್ಟೆಯಲ್ಲಿ ಕತ್ತರಿಯೂ ಬಂತು. ಆ ಮಹಾಶಯ ನನ್ನ ಹಳದಿ ಪಟ್ಟಿಯನ್ನೇ ರಿಬ್ಬನ್ ಎಂದುಕೊಂಡು ಕತ್ತರಿಸಿ, ಚಪ್ಪಾಳೆಯ ನಡುವೆ ಹದಿನೈದು ಜನರನ್ನು ಕಟ್ಟಿಕೊಂಡು ಒಳಗೆ ನಡೆದರು. ಒಬ್ಬರು ಬೊಂಬೆಯ ಪಕ್ಕ ಕೂತು ಸೆಲ್ಫಿ ತೆಗೆದುಕೊಂಡರು. ಇನ್ನೊಬ್ಬರು ಆ ಲೋಟದಲ್ಲಿ ನೀರು ಕುಡಿದರು.

ನಮ್ಮ ಮುಖ್ಯ ಬೋಧಕ ಕಾಶಿನಾಥರು ನನ್ನ ಮುಖ ನೋಡಿ ನಕ್ಕರು. “ರೇಣುಕಾ ಮೇಡಮ್, ನೀವು ಭಾಳ ಟೆನ್ಶನ್ ತಗೋತೀರಿ. ಬೊಂಬಿ ಸತ್ತೈತಿ ಏನ್ರಿ ಖರೇನ?” ಕಾಶಿನಾಥರು ಬೀದರ್ ಕಡೆಯವರು, ನಿವೃತ್ತ ಅಧಿಕಾರಿ. ಸಾಕ್ಷ್ಯವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಕಲಿಸಲು ಚಾಕುವನ್ನು ಬರಿಗೈಯಲ್ಲೇ ಎತ್ತಿ ಹಿಡಿದು ತೋರಿಸುವ ಮಹಾನುಭಾವ. ಹನ್ನೆರಡು ವರ್ಷದಿಂದ ಒಂದೇ ಸ್ಲೈಡು, ಒಂದೇ ಜೋಕು. ಅದಕ್ಕೆ ನಗದ ವಿದ್ಯಾರ್ಥಿಗೆ ಶಿಸ್ತಿಲ್ಲ ಎಂದು ಬರೆದುಕೊಳ್ಳುತ್ತಾರೆ.

ನಗದವಳು ಒಬ್ಬಳೇ, ಹಂಪಮ್ಮ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಇಲ್ಲೇ ತೆಲುಗು ಶಾಲೆಯಲ್ಲಿ ಓದಿದವಳು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ತರಗತಿ ಮುಗಿದರೂ ನನ್ನನ್ನು ಬಿಡುತ್ತಿರಲಿಲ್ಲ. “ಮೇಡಮ್, ಒದ್ದಿ ಗ್ವಾಡಿ ಮ್ಯಾಲೆ ಬೆರಳಚ್ಚು ಉಳಿತೈತೇನ್ರಿ? ಸುಣ್ಣದ ಕೈ ಇದ್ರ?” ಅಂಥ ಪ್ರಶ್ನೆಗಳು. ಮೂವತ್ತೊಂದು ವರ್ಷ ಬೆರಳಚ್ಚು ವಿಭಾಗದಲ್ಲಿ ದುಡಿದ ನನ್ನನ್ನು ಯಾರೂ ಕೇಳದಂಥವು.

ಆಗಸ್ಟ್ ಕೊನೆಯಲ್ಲಿ ಪಟಾನ್‌ಚೆರು ಕಡೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮಲ್ಲಣ್ಣ ಎಂಬ ಕೂಲಿ, ಟ್ಯಾಂಕು ತೊಳೆಯಲು ಇಳಿದು ಉಸಿರುಗಟ್ಟಿ ಸತ್ತ. ಕಾಶಿನಾಥರಿಗೆ ಹಬ್ಬ. “ಲೈವ್ ಕೇಸ್ ಸಿಕ್ಕೈತ್ರಿ! ಬಸ್ ಹೇಳ್ರಿ, ಹೋಗೂಣು.” ಹುಡುಗರು ಪುಳಿಹೋರ ಕಟ್ಟಿಸಿಕೊಂಡು ಪಿಕ್ನಿಕ್ಕಿಗೆ ಹೊರಟ ಹಾಗೆ ಹೊರಟರು.

ನಾವು ಹೋಗುವ ಹೊತ್ತಿಗೆ ಅಂಗಳವನ್ನು ಪೈಪು ಹಿಡಿದು ತೊಳೆದಿದ್ದರು. ಸ್ಥಳೀಯ ಇನ್‌ಸ್ಪೆಕ್ಟರು ಮ್ಯಾನೇಜರನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಶವ ಟಾರ್ಪಾಲಿನ ಮೇಲಿತ್ತು, ಸೊಂಟಕ್ಕೆ, ಎದೆಗೆ ಸುರಕ್ಷತಾ ಬೆಲ್ಟು ಬಿಗಿದಿತ್ತು. “ನಾವು ಬೆಲ್ಟು ಕೊಟ್ಟಿದ್ದೆವು, ಅವನೇ ಮೇಲೆಳೆಯುವ ಹಗ್ಗಕ್ಕೆ ಕೊಂಡಿ ಸಿಕ್ಕಿಸಿಕೊಳ್ಳಲಿಲ್ಲ” ಎಂದು ಮ್ಯಾನೇಜರು ಹೇಳಿದ. ಇಪ್ಪತ್ತೊಂಬತ್ತು ಜನ ತಲೆತಗ್ಗಿಸಿ ಬರೆದುಕೊಂಡರು.

ಹಂಪಮ್ಮ ಬರೆಯಲಿಲ್ಲ. ಮೊಣಕಾಲೂರಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹತ್ತು ನಿಮಿಷ ನೋಡಿದಳು. ಆಮೇಲೆ ಎದ್ದು ನಿಂತು ಹೇಳಿದಳು: “ಸರ್, ಅಂಗಿ ಪೂರಾ ರಾಡಿಯೊಳಗ ತೊಯ್ದೈತಿ. ಅದರ ಮ್ಯಾಲಿನ ಬೆಲ್ಟ್ ಒಣಾ ಐತ್ರಿ. ಮಡಚಿಟ್ಟ ಗೆರಿ ಸುದ್ದಾ ಹೋಗಿಲ್ಲ.”

ನಿಜ ಸಿಂಚನಾ. ನಾನೂ ನೋಡಿದೆ. ಅಂಗಿಯಿಂದ ಹಳದಿ ಕೆಸರು ಸೋರುತ್ತಿತ್ತು. ಬೆಲ್ಟು ಈಗಷ್ಟೇ ಪೊಟ್ಟಣದಿಂದ ತೆಗೆದಂತಿತ್ತು.

ಗೇಟಿನ ಬಳಿ ಅವನ ಹೆಂಡತಿ ಗೋದಾಬಾಯಿ ಕೂತಿದ್ದಳು, ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುವವಳು. ಅವಳ ಕನ್ನಡ ಅರ್ಥವಾಗದೆ ಕಾನ್‌ಸ್ಟೇಬಲ್ ಅವಳನ್ನು ಸುಮ್ಮನಿರು ಎಂದು ಗದರುತ್ತಿದ್ದ. ಹಂಪಮ್ಮ ಹೋಗಿ ಅವಳ ಪಕ್ಕ ಕೂತಳು. “ಹೊರಗ ಎಳದಾಗ ನಾ ಅಲ್ಲೇ ಇದ್ದೆ ತಂಗಿ. ಮೈಮ್ಯಾಲೆ ಏನೂ ಇರಲಿಲ್ಲ. ಬೆಲ್ಟ್ ಕೊಡ್ರಿ, ಕೊಡ್ರಿ ಅಂತ ವಾರದಿಂದ ಕೇಳಾಕತ್ತಿದ್ದ. ಜೀವ ಹೋದ ಮ್ಯಾಲೆ ಕೊಟ್ಟಾರ ನೋಡು.”

ಹಂಪಮ್ಮ ಇದನ್ನು ಬಂದು ಹೇಳಿದಾಗ ಕಾಶಿನಾಥರ ಮುಖ ಗಂಟಾಯಿತು. “ಏ ಹುಡುಗಿ, ನೀ ಇಲ್ಲಿ ನೋಡಾಕ ಬಂದಿ, ತನಿಖಿ ಮಾಡಾಕಲ್ಲ. ಬಸ್ ಹತ್ತು.” ಹತ್ತಿದಳು. ವಾಪಸು ಬರುವಾಗ ಹುಡುಗರು ಅಂತ್ಯಾಕ್ಷರಿ ಆಡಿದರು.

ಅಕ್ಟೋಬರಿನಲ್ಲಿ ಕೊನೆಯ ಪರೀಕ್ಷೆ. ಕಾರ್ಖಾನೆಯಲ್ಲಿ ಕಂಡದ್ದನ್ನು ವರದಿ ಮಾಡಿ ಎಂಬುದೇ ದೊಡ್ಡ ಪ್ರಶ್ನೆ. ಕಾಶಿನಾಥರ ಮಾದರಿ ಉತ್ತರ ಮೂರು ಸಾಲಿನದು: ಮೃತನು ಬೆಲ್ಟ್ ಧರಿಸಿದ್ದ, ಕೊಂಡಿ ಹಾಕಿಕೊಂಡಿರಲಿಲ್ಲ, ಸ್ವಂತ ನಿರ್ಲಕ್ಷ್ಯ. ಇಪ್ಪತ್ತೊಂಬತ್ತು ಜನ ಅದನ್ನೇ ಬರೆದು ಗೆದ್ದರು. ಅವರೇ ನಾಳೆ ನಿನ್ನ ಮನೆಯಲ್ಲೋ ನನ್ನ ಮನೆಯಲ್ಲೋ ಏನಾದರೂ ನಡೆದರೆ ಬೂಟುಗಾಲಲ್ಲಿ ಬಂದು ನಿಲ್ಲುವವರು. ಹಂಪಮ್ಮ ನಾಲ್ಕು ಪುಟ ಬರೆದಳು. ಒದ್ದೆ ಅಂಗಿ, ಒಣ ಬೆಲ್ಟು, ತೊಳೆದ ಅಂಗಳ, ಹೆಂಡತಿಯ ಹೇಳಿಕೆ, ಕೆಳಗೊಂದು ನಕ್ಷೆ. ಅಷ್ಟು ಚೊಕ್ಕ ವರದಿಯನ್ನು ನನ್ನ ಇಡೀ ಸೇವೆಯಲ್ಲಿ ಐದಾರು ಸಲ ಕಂಡಿದ್ದೇನೆ, ಅಷ್ಟೇ. ಅದಕ್ಕೆ ಸೊನ್ನೆ ಬಂತು. ಸೊನ್ನೆ ಹಾಕಿದ ಕೈಯನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಸ್ಥಳ ತನಿಖೆಯ ತಂಡ ಅವಳಿಗೆ ಸಿಗಲಿಲ್ಲ. ಬಂದೋಬಸ್ತಿಗೆ ಹಾಕಿದರು. ಈಗ ಸುಲ್ತಾನ್ ಬಜಾರಿನ ಗದ್ದಲದಲ್ಲಿ ಲಾಠಿ ಹಿಡಿದು ತಳ್ಳುಗಾಡಿಗಳನ್ನು ಸರಿಸುತ್ತಿದ್ದಾಳೆ. ಮಲ್ಲಣ್ಣನ ಕಡತ ಮುಚ್ಚಿತು. ಗೋದಾಬಾಯಿ ಊರಿಗೆ ಹೋದಳಂತೆ. ಕಾಶಿನಾಥರಿಗೆ ಉತ್ತಮ ಬೋಧಕ ಎಂದು ಶಾಲು ಹೊದಿಸಿದರು.

ಅರ್ಜಿ ಹಾಕುವುದು ನಿನಗೆ ಬಿಟ್ಟದ್ದು. ಇಲ್ಲಿ ಕಲಿಸುವವರನ್ನು ನೋಡಿ ಬರಬೇಡ. ಬಂದರೆ ಹಂಪಮ್ಮನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನೋಡುವುದಕ್ಕೆ ಬಾ. ಸ್ವೆಟರ್ ಹಾಕಿಕೋ, ರಾತ್ರಿ ಊಟ ಬಿಡಬೇಡ. ನಿನ್ನ ಕಣ್ಣು ಚುರುಕಾಗಿರಲಿ, ನಾಲಿಗೆ ಅದಕ್ಕಿಂತ ಗಟ್ಟಿಯಾಗಿರಲಿ. ಈ ಮುದುಕಿಯ ಆಶೀರ್ವಾದ ಯಾವತ್ತೂ ನಿನ್ನ ಮೇಲಿದೆ.

ನಿನ್ನ ಅಮ್ಮ,
ರೇಣುಕಾ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾರದ್ದನ್ನು ಯಾರು ತಿದ್ದಿದರೆಂದು ಹುಡುಗರಿಗೆ ಗೊತ್ತಾಗುವುದಿಲ್ಲ. ಹಂಪಮ್ಮನದು ನನಗೆ ಬಂದಿತ್ತು. ಮೊದಲ ಸಾಲಿಗೇ ಅವಳದೆಂದು ತಿಳಿಯಿತು. ಇದಕ್ಕೆ ಅಂಕ ಕೊಟ್ಟರೆ ಆ ಬೆಲ್ಟು ನಾನೂ ನೋಡಿದ್ದೆ ಎಂದು ಒಪ್ಪಿದಂತೆ, ನಾಳೆ ಯಾರಾದರೂ ನನ್ನನ್ನು ಸಾಕ್ಷಿಗೆ ಕರೆದಾರು ಎಂದು ಹೆದರಿದೆ. ಯಾರೂ ಬೆದರಿಸಿರಲಿಲ್ಲ, ಕಾಶಿನಾಥರೂ ಸಹ. ನಾನಾಗಿಯೇ ಸೊನ್ನೆ ಬರೆದೆ. ಕಳೆದ ಭಾನುವಾರ ಅವಳು ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. “ನನ್ನ ಪೇಪರ್ ನಿಮ್ಮ ಕೈಗೆ ಬಂದಿದ್ರ ಪಾಸ್ ಆಗ್ತಿದ್ದೆ ಅಲ್ರಿ ಮೇಡಮ್?” ಎಂದಳು.

ಹೌದು ಎಂದೆ.